ತೆರೆಯಾಚೆಯ ಹುಬ್ಬು

ಹೆಗ್ಗೆರೆಯ ದೊರೆ ಒಂದು ಬೆಳಗ್ಗೆ ಮೀಸೆ ತಿರುವಿದ. ದೊಡ್ಡ ನ್ಯಾಯಪೀಠದಲ್ಲಿ ತಾನು ಕತ್ತೆಯನ್ನು ಕೂರಿಸಿದರೂ ಜನ ಕೈ ಮುಗೀಬೇಕು ಅಂದ.

ಆ ಸೀಮೆಯಲ್ಲಿ ನ್ಯಾಯಕ್ಕೆ ಮೂರು ಮೆಟ್ಟಿಲು. ಮೊದಲು ಊರ ಕಟ್ಟೆ. ಅಲ್ಲಿ ಒಪ್ಪದವರಿಗೆ ನಾಡ ಚಾವಡಿ. ಅಲ್ಲೂ ಒಪ್ಪದಿದ್ದರೆ ಅರಮನೆಯ ದೊಡ್ಡ ಪೀಠ. ಆ ಪೀಠಕ್ಕೆ ದೊರೆ ಹೆಸರು ಹೇಳಬೇಕು, ಐದು ಜನ ಹಿರಿಯರು ತಲೆಯಾಡಿಸಬೇಕು. ತಮ್ಮೆದುರು ಒಂದು ತೀರ್ಪು ಹೇಳಿಸಿ ನೋಡದೆ ಅವರು ತಲೆಯಾಡಿಸುತ್ತಿರಲಿಲ್ಲ. ಒಮ್ಮೆ ಕೂತವನನ್ನು ಸಾಯುವ ತನಕ ದೊರೆಯೂ ಎಬ್ಬಿಸುವಂತಿಲ್ಲ.

ಪೀಠದ ಮುದುಕ ತೀರಿಹೋಗಿದ್ದ. ದೊರೆ ಭಾವಮೈದುನ ಮಲ್ಲರಸನ ಹೆಸರು ಹೇಳಿದ. ಯಾಕೆ ಅಂತ ಆಸ್ಥಾನದ ವಿದೂಷಕ ಬೊಪ್ಪಣ್ಣನಿಗೆ ಗೊತ್ತಿತ್ತು. ಕುಂಬಾರರ ಕೆಂಚವ್ವನ ಜೇಡಿಮಣ್ಣಿನ ಗುಂಡಿ ದೊರೆಗೆ ಆನೆ ಮೀಯಿಸಲು ಬೇಕಿತ್ತು. ಗಂಡ ಹೋದಮೇಲೆ ಅವಳಿಗೆ ಉಳಿದದ್ದು ಆ ಗುಂಡಿ ಒಂದೇ. ಕಟ್ಟೆಯಲ್ಲಿ ಗೆದ್ದಳು. ಚಾವಡಿಯಲ್ಲೂ ಗೆದ್ದಳು. ದೊರೆ ಬಿಡದೆ ವ್ಯಾಜ್ಯವನ್ನು ದೊಡ್ಡ ಪೀಠಕ್ಕೆ ಎಳೆದಿದ್ದ. ಮಲ್ಲರಸನೋ ದೊರೆಯ ಹುಬ್ಬು ಕುಣಿದತ್ತಲೇ ಮಾತಾಡುವವನು.

ಹಿರಿಯರನ್ನು ಒಪ್ಪಿಸು, ಇಲ್ಲ ಊರು ಬಿಡು ಅಂದ ದೊರೆ. ಆಗಲಿ ಅಂದ ಬೊಪ್ಪಣ್ಣ. ದೊರೆಯ ಮುಖಕ್ಕೆ ಬಿಸಿಲು ಹೊಡೆಯುತ್ತೆ ಅಂತ ಒಂದು ದಪ್ಪ ತೆರೆ ಮಾತ್ರ ಕಟ್ಟಿಸಿದ.

ಮಲ್ಲರಸ ಪರೀಕ್ಷೆಗೆ ಅಂತ ಹಿರಿಯರೆದುರು ಪೀಠದಲ್ಲಿ ಕೂತ. ತೆರೆಯ ಆಚೆ ದೊರೆ. ಬೊಪ್ಪಣ್ಣ ವ್ಯಾಜ್ಯ ಹೇಳಿದ. ಒಬ್ಬಳ ಕೋಳಿ ಪಕ್ಕದ ಮನೆಯವಳ ಬುಟ್ಟಿಯಲ್ಲಿ ಮೊಟ್ಟೆ ಇಟ್ಟಿದೆ. ಮೊಟ್ಟೆ ಯಾರದು?

ಮಲ್ಲರಸ ದೊರೆಯ ಕಡೆ ತಿರುಗಿದ. ತೆರೆ ಕಂಡಿತು. ಕೋಳಿಯವಳದು ಅಂದ. ಆಚೆಯಿಂದ ಕೆಮ್ಮೂ ಇಲ್ಲ. ಅಲ್ಲ, ಬುಟ್ಟಿಯವಳದು ಅಂದ. ಆಗಲೂ ಸದ್ದಿಲ್ಲ. ಬೆವರು ಒರೆಸಿಕೊಂಡು ಪೀಠದಿಂದ ಇಳಿದ. ತೆರೆಯ ಅಂಚು ಎತ್ತಿ ತಲೆ ತೂರಿಸಿದ.

"ಭಾವ, ಯಾರದು ಅನ್ನಲಿ?"

ಹಿರಿಯರು ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡರು. ದೊರೆಯ ಮುಖ ಕೆಂಪಾಯಿತು.

"ಬೊಪ್ಪಣ್ಣ, ಇದು ನಿನ್ನ ಕಿತಾಪತಿ."

"ತೆರೆ ಒಂದೇ ನಂದು, ಬುದ್ಧೀ. ಇವರನ್ನೇ ಕೂರಿಸಿ. ಆದರೆ ಸಾಯೋ ತನಕ ಇವರು ಏಳೋ ಹಾಗಿಲ್ಲ. ಅಲ್ಲೀ ತನಕ ಊರ ಕೋಳಿಮೊಟ್ಟೆಗೆಲ್ಲ ತಾವು ಎದುರಿಗೆ ಕೂತು ಹುಬ್ಬು ಕುಣಿಸ್ತಾ ಇರಬೇಕು. ಇನ್ನು ಆನೆ ಮೀಯಿಸೋಕೆ ಬಿಡುವೆಲ್ಲಿ?"

ದೊರೆ ನಗಬಾರದು ಅಂತ ಬಹಳ ನೋಡಿದ. ಆಗಲಿಲ್ಲ.

"ಸರಿ ಮಾರಾಯ. ನನ್ನ ಹುಬ್ಬು ಕಾಣದವನು ಯಾರಿದ್ದಾನೆ, ಹೇಳು."

ಮೂಡಣ ನಾಡಿನ ಚಾವಡಿಯಲ್ಲಿ ನ್ಯಾಯ ಹೇಳುವ ಸಿದ್ದಯ್ಯನಿಗೆ ಕಣ್ಣು ಮಂಜು, ಕಿವಿ ಚುರುಕು ಅಂದ ಬೊಪ್ಪಣ್ಣ. ಹಿರಿಯರು ಅವನದೂ ಒಂದು ತೀರ್ಪು ಕೇಳಿ ತಲೆಯಾಡಿಸಿದರು.

ಸಿದ್ದಯ್ಯ ಮೂರು ದಿನ ಎರಡೂ ಕಡೆ ಕೇಳಿದ. ಗುಂಡಿ ಕೆಂಚವ್ವನದೇ ಅಂದ. ಆನೆಯನ್ನು ಹೊಳೆಗೆ ಅಟ್ಟಿದರು.

ಬೊಪ್ಪಣ್ಣನಿಗೆ ದೊರೆ ಆ ತೆರೆಯನ್ನೇ ಹೊದೆಯಲು ಕೊಟ್ಟ.