ಕರಗದ ಚೀಲ

“ಅವ್ವಾ, ನನ್ನ ಹತ್ತಿರ ತತ್ವಪದ ಕಲಿತ ಹುಡುಗಿ ಇನ್ನು ತಾನೇ ಊರೂರಿಗೆ ಹೋಗಿ ಹಾಡುತ್ತೇನೆ ಎನ್ನುತ್ತಾಳೆ. ದನಿ ಇನ್ನೂ ಎಳಸು. ಯಾರಾದರೂ ಆಡಿಕೊಂಡರೆ ಮುದುಡಿಹೋಗುತ್ತಾಳೆ. ಕಳಿಸಲೋ, ಇನ್ನಷ್ಟು ಕಾಲ ಇಟ್ಟುಕೊಳ್ಳಲೋ?” ಎಂದು ಶಿಷ್ಯ ಗುರುಬಸವ ಕೇಳಿದ.

ಗುರು ನಿಂಬೆವ್ವ ಏಕತಾರಿಯನ್ನು ಗೋಡೆಗೆ ಒರಗಿಸಿದರು. “ಕೂತುಕೋ ತಮ್ಮಾ” ಎಂದು ಕತೆ ಹೇಳಿದರು.

ಒಬ್ಬ ಹೆಂಗಸು ಸಸಿ ಬೆಳೆಸುತ್ತಿದ್ದಳು. ಅವಳೂರಿನ ಕೆರೆ ಏರಿಯ ಮೇಲೆ ಒಂದು ಹಿಪ್ಪೆ ಮರವಿತ್ತು. ಅವಳ ತಾಯಿ, ತಾಯಿಯ ತಾಯಿ ಅದರ ಬೀಜದ ಎಣ್ಣೆಯಲ್ಲೇ ದೀಪ ಹಚ್ಚಿದವರು. ಒಂದು ಮುಂಗಾರಿನ ಗಾಳಿಗೆ ಮರ ಬುಡಮೇಲಾಯಿತು. ಸುತ್ತಮುತ್ತ ಅಂಥ ಇನ್ನೊಂದು ಮರವಿರಲಿಲ್ಲ. ಹಿಪ್ಪೆ ಬೀಜ ಕೂಡಿಟ್ಟರೆ ಮೊಳೆಯುವುದಿಲ್ಲ, ಉದುರಿದ ಕೂಡಲೇ ಊರಬೇಕು. ಬಿದ್ದ ಕೊಂಬೆಗಳ ಕೆಳಗೆ ಸಿಕ್ಕಿದ್ದನ್ನೆಲ್ಲ ಆಯ್ದು ತಂದು ಊರಿದಳು. ಆ ಮರದ್ದು ಅಂತ ಉಳಿದದ್ದು ಅಷ್ಟೇ.

ಸಸಿ ಬೆಳೆಸಲು ಪೇಟೆಯ ಕರಿ ಪ್ಲಾಸ್ಟಿಕ್ ಚೀಲ ಅವಳಿಗೆ ಆಗದು. ನೆಡುವಾಗ ಅದನ್ನು ಹರಿಯಬೇಕು, ಹರಿಯುವಾಗ ಬೇರು ಕಿತ್ತುಬರುತ್ತದೆ. ಅದಕ್ಕೆ ತಾನೇ ಗೋವಿನಜೋಳದ ಗಂಜಿ ಕಾಯಿಸಿ, ತೆಳ್ಳಗೆ ಹರವಿ, ಒಣಗಿದ ಹಾಳೆ ಎಬ್ಬಿಸಿ ಚೀಲ ಮಾಡುತ್ತಿದ್ದಳು. ನೋಡಲು ಪ್ಲಾಸ್ಟಿಕ್ಕಿನಂತೆಯೇ. ಚೀಲದ ಸಮೇತ ನೆಟ್ಟರೆ ಅದು ಮಣ್ಣಿನಲ್ಲಿ ಕರಗಿ ಬೇರಿಗೆ ದಾರಿ ಬಿಡುತ್ತಿತ್ತು. ಒಂದೇ ತೊಂದರೆ, ನೀರು ಹನಿಸಿದರೆ ಮೆತ್ತಗಾಗುತ್ತಿತ್ತು. ಹಾಗೆ ಒಂದು ಚೀಲ ಕೈಯಲ್ಲೇ ಹರಿದು ಒಂದು ಹಿಪ್ಪೆ ಸಸಿ ಸತ್ತಿತು.

ಅವಳು ಅಳುತ್ತ ಕುಂಬಾರನ ಬಳಿ ಹೋದಳು.

“ಒಡೆದ ಮಡಕೆಯ ಚೂರನ್ನು ಹಿಟ್ಟಿನ ಹಾಗೆ ಅರೆದು, ಬಟ್ಟೆಯಲ್ಲಿ ಸೋಸಿ ಗಂಜಿಗೆ ಬೆರೆಸು. ಒಂದು ಹಿಡಿ ಸಾಕು” ಎಂದ ಕುಂಬಾರ.

ಬೆರೆಸಿದಳು. ಹಾಳೆ ಗಟ್ಟಿಯಾಯಿತು. ನೀರಿಗೆ ಜಗ್ಗಲಿಲ್ಲ, ಎತ್ತಿದರೆ ಹರಿಯಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆರೆ ಏರಿಯ ಗಾಳಿ ನೆನಪಾಯಿತು, ಇನ್ನೊಂದು ಹಿಡಿ ಹಾಕಿದಳು. ಗೆದ್ದಲು ನೆನಪಾಯಿತು, ಮತ್ತೊಂದು ಹಿಡಿ. ಪುಡಿ ಹೆಚ್ಚಾಗಿ ಹಾಳೆ ಬಿರುಕು ಬಿಟ್ಟಾಗ, ಬಿರುಕಿನ ಮೇಲೆ ಇನ್ನೊಂದು ಪದರ ಬಳಿದಳು. ಉಳಿದ ಸಸಿಗಳನ್ನೆಲ್ಲ ಈ ಹೊಸ ಚೀಲಗಳಿಗೆ ಬದಲಿಸಿದಳು.

ಕುಂಬಾರ ಬಂದವನು ಚೀಲವನ್ನು ಬೆರಳಿನಿಂದ ತಟ್ಟಿ ನಕ್ಕ. “ಅಕ್ಕಾ, ಮಡಕೆ ಬೇಕಿದ್ದರೆ ನನ್ನ ಹತ್ತಿರವೇ ಕೊಳ್ಳಬಹುದಿತ್ತಲ್ಲ! ಇದು ಕರಗಬೇಕಾದ್ದು ಮಾರಾಯ್ತಿ.”

“ನಿನ್ನ ಮಡಕೆ ಒಡೆದರೆ ಇನ್ನೊಂದು ಮಾಡುತ್ತೀಯ. ನನಗೆ ಇನ್ನೊಂದು ಮರ ಎಲ್ಲಿದೆಯೋ?” ಎಂದಳು.

ಮರುವರ್ಷ ಮಳೆ ಹಿಡಿದಾಗ ಏರಿಯ ಮೇಲೆ ಸಸಿಗಳನ್ನೆಲ್ಲ ಚೀಲದ ಸಮೇತ ನೆಟ್ಟಳು. ಮುಳ್ಳುಬೇಲಿ ಕಟ್ಟಿದಳು. ಮಳೆ ಚೆನ್ನಾಗಿಯೇ ಬಂತು. ಸಸಿಗಳು ಮಾತ್ರ ನೆಟ್ಟಷ್ಟೇ ಎತ್ತರ ನಿಂತವು. ಎಲೆ ಹಳದಿಯಾಯಿತು. ಬೇಸಿಗೆ ಕಾಲಿಡುವ ಮೊದಲೇ ಒಣಗಿದವು.

ಒಂದನ್ನು ಅಗೆದು ನೋಡಿದಳು. ಚೀಲ ಮಾಡಿದ ದಿನ ಹೇಗಿತ್ತೋ ಹಾಗೇ ಇತ್ತು. ಒಳಗೆ ಬೇರು ದಾರಿ ಹುಡುಕಿ ಹುಡುಕಿ, ಸುತ್ತಿ ಸುತ್ತಿ, ಕೊಡ ಹೊರುವ ಸಿಂಬೆಯಂತಾಗಿತ್ತು. ಚೀಲದಾಚೆ ಒಂದು ಬೆರಳು ದೂರದಲ್ಲಿ ಮಣ್ಣು ಹಸಿಯಾಗಿತ್ತು. ಇನ್ನೊಂದನ್ನು ಅಗೆದಳು. ಅದೂ ಹಾಗೆಯೇ. ಮೂರನೆಯದಕ್ಕೆ ಕೈ ಏಳಲಿಲ್ಲ.

ಸುದ್ದಿ ಕೇಳಿ ಕುಂಬಾರ ಬಂದ. ಈ ಸಲ ತಮಾಷೆ ಮಾಡಲಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ, “ಎಲ್ಲೂ ಹರಿದಿಲ್ಲ ನೋಡು” ಎಂದಳು.

ನಿಂಬೆವ್ವ ಇಷ್ಟು ಹೇಳಿ ನಿಲ್ಲಿಸಿದರು.

ಗುರುಬಸವ ಕೇಳಿದ, “ಪಾಪ, ಅವಳು ಮಾಡಿದ್ದೆಲ್ಲ ಅಕ್ಕರೆಯಿಂದಲೇ ಅಲ್ಲವೇನವ್ವಾ?”

“ಹೌದು ತಮ್ಮಾ, ಅಕ್ಕರೆಯೇ, ಆದರೆ ಬೇರಿಗೆ ಅದು ಹೇಗೆ ತಿಳಿಯಬೇಕು?”