ಕೆಸರಿಗೆ ಹೆಪ್ಪು

“ಗುರುಗಳೇ, ನನ್ನೊಳಗಿನ ಕೊಳೆಯನ್ನೆಲ್ಲ ಕೊಂದುಹಾಕುವುದು ಹೇಗೆ?” ಎಂದು ಚೆನ್ನವೀರ ಕೇಳಿದ. ಮಠದ ದಾಸೋಹದಲ್ಲಿ ಎರಡನೇ ಸಲ ಅನ್ನ ಕೇಳಿದ ಒಬ್ಬ ಅಜ್ಜನನ್ನು ಅವನು ಗದರಿದ್ದ. ಆ ತಪ್ಪಿಗೆ ಮೂರು ದಿನದಿಂದ ಊಟ ಬಿಟ್ಟಿದ್ದ.

“ಅಲ್ಲಪ್ಪಾ, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಕೂತು ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಆಸ್ಪತ್ರೆ. ಅಲ್ಲಿ ಕೊಳೆನೀರು ಶುದ್ಧ ಮಾಡುವ ಹೊಸ ಘಟಕ ಬಂತು. ಕೂದಲಿಗಿಂತ ಸಣ್ಣ ತೂತುಗಳ ಸೋಸುಪರದೆ, ನೀರಿನಲ್ಲಿ ಉಳಿದ ಔಷಧವನ್ನು ಒಡೆಯುವ ಓಝೋನ್ ಯಂತ್ರ, ಎಲ್ಲ ಇತ್ತು. ಆದರೆ ಮೊದಲ ಕೆಲಸ ತೊಟ್ಟಿಯ ಕಂದು ಕೆಸರಿನದು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು. ಗಾಳಿ ಊದುತ್ತಿದ್ದರೆ ಸಾಕು, ಅವು ಕೊಳೆಯನ್ನು ತಿಂದು ಮುಗಿಸುತ್ತಿದ್ದವು.

ವಾರ್ಡು ತೊಳೆಯುವ ಫಕೀರವ್ವನಿಗೆ ಒಂದೇ ಚಿಂತೆ. ಆ ನೀರು ಕೊನೆಗೆ ಸೇರುವುದು ಅವಳ ಕೇರಿಯ ಹಳ್ಳಕ್ಕೆ. ಬಸುರಿ ಮಗಳು ಬಟ್ಟೆ ಒಗೆಯುವುದು ಅಲ್ಲೇ. ರೋಗಿಗಳ ನೀರು, ಏನಾದರೂ ತಗುಲಿದರೆ? ಅವಳು ಯಾರಿಗೂ ಹೇಳದೆ ದಿನವೂ ಒಂದು ಬಕೆಟ್ ಬ್ಲೀಚಿಂಗ್ ಪುಡಿ ಕಲಸಿ, ತೊಟ್ಟಿಗೆ ಹೋಗುವ ಮೋರಿಗೆ ಸುರಿದಳು. ವಾರದೊಳಗೆ ಕೆಸರು ಸತ್ತಿತು, ತೊಟ್ಟಿ ನಾರಿತು. ಘಟಕ ನೋಡಿಕೊಳ್ಳುವ ಮೇಸ್ತ್ರಿ ಹಳ್ಳದ ಕಡೆಯ ಗೇಟು ಮುಚ್ಚಿ, ಕಾರಣ ಹುಡುಕುತ್ತ ಅವಳ ಬಕೆಟ್ಟಿನ ಬಳಿಗೆ ಬಂದ.

ವಿಷಯ ತಿಳಿದು ಫಕೀರವ್ವ ಗೋಳೋ ಎಂದು ಅತ್ತಳು. “ಕಾಯೋ ಜೀವಗಳನ್ನ ನನ್ನ ಕೈಯಾರ ಕೊಂದ್ನಲ್ಲೋ ಯಣ್ಣಾ!”

ಬೈಯಲೆಂದೇ ಬಂದಿದ್ದ ಮೇಸ್ತ್ರಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. “ಯಕ್ಕಾ, ಮನ್ಯಾಗ ಹೆಪ್ಪು ಕೆಟ್ರ ಏನ್ ಮಾಡ್ತಿ?”

“ಬಾಜೂ ಮನಿಯಿಂದ ಒಂದ್ ಚಮಚ ತರ್ತೀನಿ.”

“ಹಂಗಾದ್ರ ನಡಿ.”

ಇಬ್ಬರೂ ಪಕ್ಕದೂರಿನ ಆಸ್ಪತ್ರೆಗೆ ಹೋದರು. ಅಲ್ಲಿನ ತೊಟ್ಟಿಯ ಜೀವಂತ ಕೆಸರನ್ನು ಡ್ರಮ್ಮುಗಳಲ್ಲಿ ತುಂಬಿ ಟೆಂಪೊಗೆ ಏರಿಸಿದರು. ಜೀವಿಗಳಿಗೆ ಉಸಿರು ಕಟ್ಟಬಾರದೆಂದು ಫಕೀರವ್ವ ಮುಚ್ಚಳ ತೆಗೆದಿಟ್ಟು, ಹಿಂದೆ ಕೂತು, ದಾರಿಯುದ್ದಕ್ಕೂ ಕೋಲಿನಿಂದ ಕದಡುತ್ತ ಬಂದಳು. ಸೀರೆಯೆಲ್ಲ ಕೆಸರಾಯಿತು. ಅವಳು ಮೂಗು ಮುಚ್ಚಲಿಲ್ಲ.

ತಿಂಗಳಾಗುವಷ್ಟರಲ್ಲಿ ನೀರು ತಿಳಿಯಾಯಿತು. ಮೇಸ್ತ್ರಿ ಗೇಟು ತೆರೆದ ದಿನ ಫಕೀರವ್ವ ಹಳ್ಳದ ದಂಡೆಯಲ್ಲಿ ಮೊಮ್ಮಗಳ ಬಟ್ಟೆ ಒಗೆದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ತಲೆ ತಗ್ಗಿಸಿ, “ಪಾಪ, ಅವಳು ಸುರಿದದ್ದು ಒಳ್ಳೆಯದಕ್ಕೇ” ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು. “ನೀನೂ ಮೂರು ದಿನ ನಿನ್ನೊಳಗೆ ಸುರಿದುಕೊಂಡದ್ದು ಸಾಕು, ಏಳು ಮಗು, ಆ ಅಜ್ಜ ಎಲೆ ಹಾಕಿಕೊಂಡು, ನೀನೇ ಬಡಿಸಬೇಕೆಂದು ಕಾಯುತ್ತಿದ್ದಾನೆ.”