ಜಗಳವೆಂಬ ಬಾವಿ, ಹಗೆಯೆಂಬ ಬಾವಿ

ಪೂಜ್ಯ ಎಫ್ರಾಯಿಮಯ್ಯನವರು ಊರಾಚೆಯ ಕ್ರೈಸ್ತ ಕೇರಿಯಲ್ಲಿ, ಮಣ್ಣುಗೋಡೆಯ ಪ್ರಾರ್ಥನಾಲಯದ ಮುಂದೆ ಕುಳಿತು ಹರಿದ ತೊಗಲ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಬಾವಿ ತೋಡುವ ಯೋನಪ್ಪ ಹಾರೆ ಹಿಡಿದು ಬಂದು ನಿಂತ. ಕಣ್ಣು ಕೆಂಡವಾಗಿತ್ತು.

ಆದದ್ದೇನೂ ಹೊಸದಲ್ಲ. ಕೇರಿಯವರು ತಮ್ಮ ಜಾಗದಲ್ಲಿ ಬಾವಿ ತೋಡಿದರು. ನೀರು ಕಂಡ ಕೂಡಲೇ ಊರಗೌಡ ಬೇಲಿ ಹಾಕಿಸಿದ. ಇನ್ನೊಂದು ತೋಡಿದರು, ಅದನ್ನೂ ನುಂಗಿದ. ಕಳ್ಳತನವನ್ನು ಕಳ್ಳತನವೆಂದೇ ಹೇಳಬೇಕು.

"ನೀವು ಪ್ರಾರ್ಥನಾ ಮಾಡ್ಕೊಂತ ಕೂಡ್ರಿ, ಅಯ್ಯನೋರೆ. ನಾ ಹೋಗಿ ಆ ಗೌಡನ ತಲಿ ಒಡೀತೀನಿ."

ಅಯ್ಯನವರು ಸೂಜಿ ನಿಲ್ಲಿಸದೆ ಕೇಳಿದರು: "ಬಾವಿಗಳಿಗೆ ಹೆಸರಿಟ್ಟಿಯೇನಪ್ಪಾ?"

ಬಾವಿಗೆ ಹೆಸರಿಡುವ ಹಕ್ಕು ತೋಡಿದವನದು. ಬೇರೆಯವರು ಹೆಸರಿಟ್ಟರೆ ಸೆಲೆ ಬತ್ತುತ್ತದೆ. ಆ ಸೀಮೆಯಲ್ಲಿ ಇದನ್ನು ಗೌಡನೂ ನಂಬಿದ್ದ.

"ಕಳಕೊಂಡದ್ದಕ್ಕ ಎಂಥಾ ಹೆಸರ್ರಿ?"

"ಬೈಬಲಿನ ನಮ್ಮ ಹಿರಿಯ ಇಸಾಕನೂ ಕಳಕೊಂಡ. ಗೆರಾರಿನ ದನಗಾಹಿಗಳು ಕಸಿದ ಒಂದು ಬಾವಿಗೆ ಏಸೆಕ್ ಅಂದ. ಇಬ್ರಿಯರ ಮಾತಿನಲ್ಲಿ ಜಗಳ. ಇನ್ನೊಂದಕ್ಕೆ ಸಿಟ್ನಾ ಅಂದ, ಹಗೆ. ಚಂದದ ಸುಳ್ಳು ಹೆಸರಿಡಲಿಲ್ಲ. ತಲೆಯನ್ನೂ ಒಡೆಯಲಿಲ್ಲ. ಮುಂದೆ ಹೋಗಿ ಮತ್ತೆ ತೋಡಿದ."

ಯೋನಪ್ಪನ ಹಾರೆ ನೆಲಕ್ಕಿಳಿಯಿತು. ಅಯ್ಯನವರೇ ಎದ್ದು ಮುಂದೆ ನಡೆದರು. ಬೇಲಿಯ ಹೊರಗೆ ನಿಂತು ಯೋನಪ್ಪ ಊರೆಲ್ಲ ಕೇಳುವಂತೆ ಕೂಗಿದ: "ಈ ಬಾವಿ ಹೆಸರು ಜಗಳ!" ಎರಡನೆಯದರ ಬಳಿ, "ಇದರ ಹೆಸರು ಹಗೆ!"

ಗೌಡ ಓಡಿಬಂದ. "ಲೇ ಯೋನ್ಯಾ, ಗಂಗವ್ವ ಅಂತ ಇಡೋ! ಹಬ್ಬದ ದಿನ ನಮ್ಮ ಹೆಣ್ಮಕ್ಳು ಹಗಿ ನೀರು ಹೊರಬೇಕೇನು?"

"ಹಂಗಾರ ನೀವ ಇಡ್ರಿ, ಗೌಡ್ರ."

ಗೌಡ ಬಾಯಿ ತೆರೆದ. ಬಾವಿಯ ಕಡೆ ನೋಡಿದ. ಬಾಯಿ ಮುಚ್ಚಿದ.

ಕೇರಿಯವರು ದಿಬ್ಬದಾಚೆ ಮತ್ತೆ ತೋಡಿದರು. ಸಿಹಿನೀರು ಉಕ್ಕಿತು. ಅಂಥ ಇನ್ನೊಂದು ಹೆಸರು ಹೊರುವ ಎದೆ ಗೌಡನಿಗಿರಲಿಲ್ಲ; ಬೇಲಿ ಬರಲಿಲ್ಲ. ಇಸಾಕನ ಮುಂದಿನ ಬಾವಿಯ ಹೆಸರೇನೆಂದು ಯೋನಪ್ಪ ಕೇಳಿದ.

"ರೆಹೋಬೋತ್," ಎಂದರು ಪೂಜ್ಯರು. "ವಿಶಾಲವಾದ ಜಾಗ. ದೇವರು ಕೊಟ್ಟದ್ದು."

ಯೋನಪ್ಪ ಅದನ್ನೇ ಕೂಗಿದ. ಕೇರಿ ಕೇಕೆ ಹಾಕಿತು.

ಒಂದು ಬೆಳಿಗ್ಗೆ ಗೌಡನ ಹೆಂಡತಿ ಕೊಡ ಹಿಡಿದು ಆ ಹೊಸ ಬಾವಿಯಿಂದ ತುಸು ದೂರದಲ್ಲಿ ನಿಂತಿದ್ದಳು. ಮಗಳ ಮದುವೆಯ ಅರಿಶಿನದ ಸ್ನಾನಕ್ಕೆ ಹಗೆಯ ಬಾವಿಯಿಂದ ಸೇದಲು ಅವಳಿಗೆ ಕೈಬರಲಿಲ್ಲ. ನೀರಿಗೆ ಬಂದಿದ್ದ ಕೇರಿಯ ಹೆಂಗಸರೆಲ್ಲ ಯೋನಪ್ಪನ ಮುಖ ನೋಡಿದರು. ಅವನು ಅಯ್ಯನವರ ಮುಖ ನೋಡಿದ. ಪೂಜ್ಯರು ಬಾವಿಯ ಕಡೆ ನೋಡಿದರು.

ಯೋನಪ್ಪನ ದವಡೆ ಬಿಗಿಯಿತು, ಮೆಲ್ಲಗೆ ಸಡಿಲಾಯಿತು.

"ಪಾಳಿ ಹಚ್ರಿ, ಗೌಡಶಾನೇರ. ನಮ್ಮ ರೂತವ್ವನ ಹಿಂದ ನಿಲ್ರಿ. ಜಾಗ ಐತಿ."

ಆಕೆ ಬಂದು ನಿಂತಳು. ಪಾಳಿ ಬಂದಾಗ ಯೋನಪ್ಪನೇ ಹಗ್ಗ ಹಿಡಿದು ಸೇದಿ, ಅವಳ ಕೊಡವನ್ನು ಕಂಠದವರೆಗೆ ತುಂಬಿಸಿದ.